ಮರದ ಮೇಲಿನ ಮುದ್ರೆ

ಒಂದು ಮೊಳಕ್ಕೂ ಕಡಿಮೆ ಉದ್ದದ ಮರದ ತುಂಡೊಂದು ಮೂರು ವಾರಗಳ ಕಾಲ ನನ್ನ ಮೇಜಿನ ಮೇಲೆ ಬಿದ್ದಿತ್ತು. ಮನೆಗೆ ಬಂದವರಲ್ಲಿ ಒಬ್ಬರು ಅದನ್ನು ಮುರಿದ ನೇಗಿಲಿನ ಮೇಳಿಯೆಂದುಕೊಂಡರು. ಇನ್ನೊಬ್ಬರು ಕ್ರಿಕೆಟ್ ಬ್ಯಾಟಿನ ಚೂರೆಂದರು. ಅದು ಲೀ-ಎನ್‌ಫೀಲ್ಡ್ ಬಂದೂಕಿನ ಬಟ್ಟು. ಎಂದರೆ ಗುರಿಯಿಡುವಾಗ ಸೈನಿಕನು ಹೆಗಲಿಗೆ ಆನಿಸಿಕೊಳ್ಳುವ ಮರದ ಹಿಂಭಾಗ. ನಳಿಗೆಯಿಲ್ಲ, ಬೋಲ್ಟಿಲ್ಲ, ಕಬ್ಬಿಣವೆಂಬುದೇ ಇಲ್ಲ. ಹಿಂತುದಿಗೆ ಒಂದು ಹಿತ್ತಾಳೆಯ ತಗಡು, ಮುಂತುದಿಯಲ್ಲಿ ಒಂದು ಬಿರುಕು. ಎಡಮಗ್ಗುಲಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ‘ಹೈಫಾ’ ಎಂದು ಕೊರೆದಿತ್ತು. ಅದರ ಕೆಳಗೆ ೧೯೧೮.

ಅದನ್ನು ತಂದುಕೊಟ್ಟವನು ನನ್ನ ವಿದ್ಯಾರ್ಥಿ. ಅದು ೨೦೧೮ರ ಆಗಸ್ಟ್ ತಿಂಗಳು; ಹೈಫಾ ಕದನಕ್ಕೆ ನೂರು ವರ್ಷ ತುಂಬುವುದರಲ್ಲಿತ್ತು. ನಮ್ಮ ಕಾಲೇಜಿನ ಇತಿಹಾಸ ಸಂಘದವರು ಪುಟ್ಟದೊಂದು ಪ್ರದರ್ಶನವನ್ನು ಏರ್ಪಡಿಸಬೇಕೆಂದಿದ್ದರು. ಹುಡುಗನ ಮುತ್ತಜ್ಜ ಮೈಸೂರು ಲ್ಯಾನ್ಸರ್ಸ್ ದಳದಲ್ಲಿ ಸವಾರನಾಗಿದ್ದವರು. “ಇದು ಅವರು ಹೈಫಾದಲ್ಲಿ ಹಿಡಿದಿದ್ದ ಬಂದೂಕಿನ ತುಂಡು, ಸಾರ್. ಇದಕ್ಕೆ ನೀವೇ ನಾಲ್ಕು ಸಾಲಿನ ಚೀಟಿ ಬರೆದುಕೊಡಬೇಕು” ಎಂದ. ಅವನ ಕಣ್ಣಿನಲ್ಲಿದ್ದ ಹೆಮ್ಮೆಯನ್ನು ಕಂಡು ನಾನು ಒಡನೆ ಒಪ್ಪಿಕೊಂಡೆ.

ಹೈಫಾ ಕದನದ ವಿಚಾರ ಕನ್ನಡ ಓದುಗರಿಗೆ ತೀರ ಅಪರಿಚಿತವಲ್ಲ. ೧೯೧೮ನೆಯ ಸೆಪ್ಟೆಂಬರ್ ೨೩ರಂದು, ಪ್ಯಾಲೆಸ್ಟೈನಿನ ಕಡಲ ತೀರದ ಆ ಊರನ್ನು, ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ಹೊಳೆ ಕಾಯುತ್ತಿದ್ದ ಕಿರಿದಾದ ದಾರಿಯಲ್ಲಿ, ಜೋಧಪುರದ ಮತ್ತು ಮೈಸೂರಿನ ಸವಾರರು ಭರ್ಜಿ ಹಿಡಿದು ನುಗ್ಗಿ ಗೆದ್ದುಕೊಂಡರು. ಎದುರಿಗಿದ್ದುದು ತುರ್ಕರ ತೋಪುಗಳು ಮತ್ತು ಯಂತ್ರಬಂದೂಕುಗಳು. ಸಂಜೆಯ ಹೊತ್ತಿಗೆ ಸಾವಿರದ ಮುನ್ನೂರಕ್ಕೂ ಮಿಕ್ಕಿ ಸೆರೆಯಾಳುಗಳು, ೧೭ ತೋಪುಗಳು ಇವರ ಕೈವಶವಾದುವು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂರು ಪ್ರತಿಮೆಗಳಲ್ಲಿ ಒಂದು ನಮ್ಮ ಮೈಸೂರು ದಳದ್ದು. ಅಂಥ ದಿನಕ್ಕೆ ಸಾಕ್ಷಿಯಾಗಿದ್ದ ಮರ ಕಾಲೇಜಿನ ಗಾಜಿನ ಪೆಟ್ಟಿಗೆಯಲ್ಲಿ ಕುಳಿತರೆ ಯಾರಿಗೆ ಬೇಡ?

ಆದರೆ ಚೀಟಿ ಬರೆಯುವವನಿಗೆ ಒಂದು ಹೊಣೆಯುಂಟು. ಹಳೆಯ ಬಂದೂಕಿನ ಮರವನ್ನು ಓದುವ ಅಲ್ಪಸ್ವಲ್ಪ ವಿದ್ಯೆ ನನಗೆ ಬಂದಿತ್ತು. ಅದನ್ನು ನಾನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ. ಎನ್.ಸಿ.ಸಿ. ಅಧಿಕಾರಿಯಾಗಿ ಬೇಸಿಗೆಯ ಶಿಬಿರಗಳಿಗೆ ಹೋಗುತ್ತಿದ್ದ ಕಾಲದಲ್ಲಿ, ಶಸ್ತ್ರಾಗಾರದ ಮೂಲೆಯಲ್ಲಿ ಮರದ ಪೆಟ್ಟಿಗೆಯ ಮೇಲೆ ಕುಳಿತು ೩೦೩ ಬಂದೂಕುಗಳನ್ನು ಬಿಚ್ಚಿ ಜೋಡಿಸುತ್ತಿದ್ದ ಒಬ್ಬ ಹವಾಲ್ದಾರರು ನನಗೆ ಗುರುಗಳು. ಅವರ ಮೊದಲ ಪಾಠ ಇದು: ಬಟ್ಟನ್ನು ಕಳಚುವ ಮುನ್ನ ಮುಂಭಾಗದ ಮರವನ್ನು ಕಳಚಬೇಕು. ಬಟ್ಟಿನ ಒಡಲಲ್ಲಿ ಉದ್ದಕ್ಕೆ ಕೊರೆದ ಕುಳಿಯ ತಳದಲ್ಲಿ ಒಂದು ನೀಳವಾದ ಬೋಲ್ಟಿದೆ. ಅದರ ಚೌಕನೆಯ ತುದಿ ಮುಂಭಾಗದ ಮರದೊಳಕ್ಕೆ ಚಾಚಿಕೊಂಡಿರುತ್ತದೆ. ಅವಸರಪಟ್ಟು ತಿರುಗಿಸಿದರೆ ಮುಂದಿನ ಮರ ಸೀಳಿಹೋಗುತ್ತದೆ. “ಮರಕ್ಕೆ ಅವಸರ ಆಗೋದಿಲ್ಲ ಸಾಹೇಬ್ರೇ” ಎನ್ನುತ್ತಿದ್ದರು.

ಎರಡನೆಯ ಪಾಠ ಇನ್ನೂ ಸ್ವಾರಸ್ಯದ್ದು. ಕೆಡೆಟ್ಟುಗಳು ಎತ್ತಿಹಾಕಿ ತಗ್ಗು ಬೀಳಿಸಿದ ಬಟ್ಟಿನ ಮೇಲೆ ಅವರು ಒದ್ದೆ ಬಟ್ಟೆಯನ್ನು ಹಾಸಿ, ಕಾದ ಇಸ್ತ್ರಿ ಪೆಟ್ಟಿಗೆಯನ್ನು ಒತ್ತುತ್ತಿದ್ದರು. ಬುಸ್ಸೆಂದು ಹಬೆಯೇಳುತ್ತಿತ್ತು, ಬಟ್ಟೆ ತೆಗೆದರೆ ತಗ್ಗು ಮಾಯ! ಮರದ ನಾರು ಪೆಟ್ಟಿಗೆ ಅಮುಕಿಕೊಂಡಿರುತ್ತದೆಯೇ ಹೊರತು ತುಂಡಾಗಿರುವುದಿಲ್ಲ. ನೀರೂ ಶಾಖವೂ ಸೋಕಿದಾಗ ಉಬ್ಬಿ ಮೇಲೇಳುತ್ತದೆ. ಚಾಕುವಿನಿಂದ ಕೊರೆದ ಗೀರಾದರೆ ಎಷ್ಟು ಹಬೆ ಕೊಟ್ಟರೂ ಏಳದು. ಅಲ್ಲಿ ನಾರೇ ಕಡಿದುಹೋಗಿದೆ. ಮರದ ಮೇಲಿನ ಗುರುತುಗಳನ್ನು ಪರೀಕ್ಷಿಸುವವನಿಗೆ ಇದಕ್ಕಿಂತ ಮುಖ್ಯವಾದ ತಿಳಿವಳಿಕೆ ಬೇರೊಂದಿಲ್ಲವೆಂದು ನನಗೆ ತೋರುತ್ತದೆ. ಕಾರ್ಖಾನೆಯ ಮುದ್ರೆ ಉಕ್ಕಿನ ಅಚ್ಚಿನಿಂದ ಹೊಡೆದದ್ದು. ಅದರ ತಳದಲ್ಲಿ ನಾರು ಒತ್ತಿಕೊಂಡು ನುಣುಪಾಗಿರುತ್ತದೆ, ಅಂಚು ಮೆಲ್ಲಗೆ ಒಳಕ್ಕೆ ಬಾಗಿರುತ್ತದೆ. ಕೊರೆದ ಅಕ್ಷರದ ಅಂಚು ನೆಟ್ಟಗೆ ಕಡಿದಂತಿರುತ್ತದೆ. ಭೂತಗನ್ನಡಿ ಹಿಡಿದು, ದೀಪವನ್ನು ಮಗ್ಗುಲಿಗೆ ತಗ್ಗಿಸಿ ಓರೆಯಾಗಿ ಬೆಳಕು ಬಿಟ್ಟರೆ ಸಾಕು, ಎರಡರ ವ್ಯತ್ಯಾಸ ಎದ್ದು ಕಾಣುತ್ತದೆ. ಹಬೆಯ ಪರೀಕ್ಷೆಯನ್ನು ಮಾತ್ರ ಮುದ್ರೆಯ ಮೇಲೆ ಎಂದೂ ಮಾಡಕೂಡದು. ಮುದ್ರೆ ನಿಜವೆಂದು ಸಿದ್ಧವಾಗುವ ಹೊತ್ತಿಗೆ ಮುದ್ರೆಯೇ ಇರುವುದಿಲ್ಲ!

ಲೀ-ಎನ್‌ಫೀಲ್ಡಿನ ಮರದ ಮೇಲೆ ಓದುವುದಕ್ಕೆ ಬೇಕಾದಷ್ಟಿದೆ. ಸರಕಾರದ ಸೊತ್ತೆಂದು ಸಾರುವ ಅಗಲ ತಲೆಯ ಬಾಣ. ಅಂಥ ಎರಡು ಬಾಣಗಳು ಮೊನೆಗೆ ಮೊನೆ ತಾಗಿಸಿಕೊಂಡಿದ್ದರೆ ಅದು ಸೇನೆಯಿಂದ ಮಾರಿಹೋದ ಮಾಲೆಂದು ಅರ್ಥ. ಕವಾಯತಿಗೆ ಮಾತ್ರ, ಗುಂಡು ಹಾರಿಸಕೂಡದು ಎನ್ನುವ ‘ಡಿ.ಪಿ.’ ಎಂಬ ಅಕ್ಷರಗಳು. ಬಟ್ಟಿನ ಉದ್ದ ಎಲ್ಲ ಸೈನಿಕರಿಗೂ ಒಂದೇ ಅಲ್ಲ. ಗಿಡ್ಡ ತೋಳಿನವನಿಗೆ ಗಿಡ್ಡದು, ನೀಳ ತೋಳಿನವನಿಗೆ ಉದ್ದದ್ದು. ಅದಕ್ಕಾಗಿ ‘ಎಸ್’, ‘ಎಲ್’ ಎಂದು ಒಂದೊಂದು ಅಕ್ಷರ. ಮೊದಲ ಮಹಾಯುದ್ಧದ ಮುಂಚಿನ ಬಟ್ಟುಗಳಲ್ಲಿ ಬಲಮಗ್ಗುಲಿಗೆ ಒಂದು ಹಿತ್ತಾಳೆಯ ಬಿಲ್ಲೆಯನ್ನು ಕೂಡಿಸಿ, ಅದರ ಮೇಲೆ ದಳದ ಹೆಸರನ್ನೂ ಬಂದೂಕಿನ ಅಂಕಿಯನ್ನೂ ಹೊಡೆಯುತ್ತಿದ್ದರು. ಯುದ್ಧದ ನಡುವೆ, ಕೆಲಸ ಬೇಗ ಸಾಗಲೆಂದು, ಆ ಬಿಲ್ಲೆಯನ್ನು ಕೈಬಿಟ್ಟರು. ಮರದ ಜಾತಿಯೇ ಒಂದು ಸಾಕ್ಷಿ. ಇಂಗ್ಲೆಂಡಿನಲ್ಲಿ ಮಾಡಿದ್ದಾದರೆ ಸಾಮಾನ್ಯವಾಗಿ ಆಕ್ರೋಟಿನ ಮರ. ಆಸ್ಟ್ರೇಲಿಯದ ಲಿತ್‌ಗೋ ಕಾರ್ಖಾನೆಯವರು ತಮ್ಮ ನಾಡಿನ ಕ್ವೀನ್ಸ್‌ಲ್ಯಾಂಡ್ ಮೇಪಲ್ ಮತ್ತು ಕೋಚ್‌ವುಡ್ ಮರಗಳನ್ನು ಬಳಸಿದರು. ನಮ್ಮ ದೇಶದಲ್ಲಿ ಈ ಬಂದೂಕುಗಳು ತಯಾರಾದದ್ದು ಕಲ್ಕತ್ತೆಯ ಬಳಿಯ ಇಶಾಪುರದಲ್ಲಿ.

ಗುರುತಿಗೆ ಬೆಲೆ ಬಂದ ಕಡೆ ಹುಸಿ ಗುರುತೂ ಹುಟ್ಟುತ್ತದೆ. ಅಮೆರಿಕದವರ ಗ್ಯಾರಂಡ್ ಬಂದೂಕಿನ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ೧೯೩೬ರಲ್ಲಿ ಅಲ್ಲಿಯ ಸೇನೆಗೆ ಬಂದ ಆ ಬಂದೂಕಿನ ಮರದ ಎಡಮಗ್ಗುಲಲ್ಲಿ ಒಂದು ಚೌಕದೊಳಗೆ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ ಎರಡಕ್ಷರ, ಅದರ ಕೆಳಗೆ ಒಬ್ಬ ಅಧಿಕಾರಿಯ ಹೆಸರಿನ ಮೊದಲಕ್ಷರಗಳು. ಅಧಿಕಾರಿ ಬದಲಾದಂತೆ ಅಕ್ಷರಗಳೂ ಬದಲಾದುವು. ಯುದ್ಧದ ಕೊನೆಯ ತಿಂಗಳುಗಳಲ್ಲಿ ಬರುವ ‘ಎನ್.ಎಫ್.ಆರ್.’ ಎಂಬವರು ನಾರ್ಮನ್ ಎಫ್. ರ‍್ಯಾಮ್ಸೆ, ಅದೇ ಹೆಸರಿನ ಅವರ ಮಗ ೧೯೮೯ರಲ್ಲಿ ಭೌತವಿಜ್ಞಾನಕ್ಕೆ ನೊಬೆಲ್ ಪಾರಿತೋಷಕವನ್ನು ಪಡೆದರು. ಅಪ್ಪನ ಮೂರಕ್ಷರ ಬಂದೂಕುಗಳ ಮೇಲೆ, ಮಗನ ಹೆಸರು ಅಣುಗಡಿಯಾರದ ಚರಿತ್ರೆಯಲ್ಲಿ! ಆದರೆ ಸಂಗ್ರಾಹಕರಿಗೆ ಈ ವಿನೋದ ಮುಖ್ಯವಲ್ಲ. ಚೌಕ ಚೊಕ್ಕಟವಾಗಿರುವ ಮರಕ್ಕೆ ಬೆಲೆ ಹೆಚ್ಚು. ಹೀಗಾಗಿ ಬೋಳು ಮರವನ್ನು ತಂದು, ಹೊಸದಾಗಿ ಮಾಡಿಸಿದ ಅಚ್ಚಿನಿಂದ ಹೊಡೆದು ಮಾರುವವರು ಹುಟ್ಟಿಕೊಂಡರು. ಅವರನ್ನು ಹಿಡಿಯುವ ಬಗೆ ಸರಳ. ಕಾರ್ಖಾನೆಯಿಂದ ಬಂದ ಮರ ಅದು ಕೂಡಿಕೊಂಡಿರುವ ಲೋಹಕ್ಕಿಂತ ಒಂದು ಕೂದಲೆಳೆಯಷ್ಟು ಉಬ್ಬಿರುತ್ತದೆ. ಯಾರೋ ಉಪ್ಪುಕಾಗದ ಹಾಕಿ ಉಜ್ಜಿದ್ದರೆ ಮರ ಲೋಹಕ್ಕಿಂತ ತಗ್ಗುತ್ತದೆ. ಮರ ಸವೆದೂ ಮುದ್ರೆ ಮಾತ್ರ ಚೂಪಾಗಿದ್ದರೆ, ಮುದ್ರೆ ಬಿದ್ದದ್ದು ಉಜ್ಜಿದ ಮೇಲೆ ಎಂಬುದಕ್ಕೆ ಬೇರೆ ಸಾಕ್ಷಿಯೇಕೆ?

ಇನ್ನು ಪೇಶಾವರ, ಕೋಹಾಟ್‌ಗಳ ನಡುವಣ ದರ‍್ರಾ ಆದಮ್ ಖೇಲ್‌ನ ಕಮ್ಮಾರರ ಕೈಚಳಕ ಜಗತ್ಪ್ರಸಿದ್ಧ. ಅವರು ಬ್ರಿಟಿಷರ ಬಂದೂಕನ್ನು ಮುಂದಿಟ್ಟುಕೊಂಡು, ಅದರ ಮೇಲಿನ ಬರಹವನ್ನೂ ಬಿಡದೆ ನಕಲು ಮಾಡಿದರು. ಆದರೆ ಇಂಗ್ಲಿಷ್ ಬಾರದವನಿಗೆ ಅಕ್ಷರವೂ ಒಂದು ಚಿತ್ತಾರವೇ ತಾನೆ? ಆದ್ದರಿಂದ ‘ಎನ್’ ಅಕ್ಷರ ಹಿಂದುಮುಂದಾಯಿತು. ‘ಎನ್‌ಫೀಲ್ಡ್’ ಎಂಬುದರ ಕಾಗುಣಿತ ಕೆಟ್ಟಿತು. ೧೯೦೧ರಲ್ಲಿ ತೀರಿಕೊಂಡ ವಿಕ್ಟೋರಿಯ ರಾಣಿಯ ಅಂಕಿತ ಅದರ ಆಮೇಲಿನ ಇಸವಿಯ ಪಕ್ಕದಲ್ಲಿ ಕಾಣಿಸಿಕೊಂಡಿತು. ತಿರುಗುಮುರುಗಾದ ಅಕ್ಷರ ಕಂಡೊಡನೆ ‘ಖೈಬರ್ ಮಾಲು’ ಎಂದು ತೀರ್ಪು ಕೊಡುವುದು ಈ ವಿದ್ಯೆಯಲ್ಲಿ ಒಂದು ರೂಢಿ. ನಾನು ಎಡವಿದ್ದು ಈ ರೂಢಿಯ ಮೇಲೆಯೇ.

ಹುಡುಗ ತಂದ ಬಟ್ಟಿನ ಮೇಲೆ ‘ಹೈಫಾ’ ಎಂಬುದರ ‘ಎಫ್’ ತಿರುಗುಮುರುಗಾಗಿತ್ತು. ಅದರ ಎರಡು ಅಡ್ಡಗೆರೆಗಳು ಬಲಕ್ಕೆ ಚಾಚುವ ಬದಲು ಎಡಕ್ಕೆ ಚಾಚಿದ್ದವು. ಮೊದಲ ದಿನವೇ ಇದನ್ನು ಕಂಡು ನನ್ನ ಮನಸ್ಸು ಅರ್ಧ ತೀರ್ಮಾನಕ್ಕೆ ಬಂದುಬಿಟ್ಟಿತು. ಓರೆ ಬೆಳಕಿನಲ್ಲಿ ನೋಡಿದೆ: ಅಕ್ಷರಗಳನ್ನು ಚಾಕುವಿನಿಂದ ಕೊರೆದಿದ್ದರು, ಅಚ್ಚಿನ ಕೆಲಸವಲ್ಲ. ಹಿತ್ತಾಳೆಯ ಬಿಲ್ಲೆಯಿಲ್ಲ, ಅದನ್ನು ಕೂಡಿಸುವ ಗುಂಡಿಯೂ ಇಲ್ಲ. ಮರ ಆಕ್ರೋಟಿನಂತೆ ಕಂದಾಗಿರದೆ ತೆಳುವಾದ ಬಣ್ಣದ್ದು. ಕೆಳಮಗ್ಗುಲಿನ ಕೊಳೆಯನ್ನು ಒಣ ಅರಿವೆಯಿಂದ ಮೆಲ್ಲಗೆ ಒರೆಸಿದಾಗ ಇನ್ನೊಂದು ಗುರುತು ಮೇಲೆದ್ದಿತು. ಅದು ನಿಜವಾದ ಮುದ್ರೆ. ತಳ ನುಣುಪು, ಅಂಚು ಬಾಗಿದ್ದು. ಇಂಗ್ಲಿಷಿನಲ್ಲಿ ‘ಸ್ಲಾಜ಼್’, ಅದರ ಮುಂದೆ ೪೩.

ಟೆನಿಸ್ ಆಡುವವರಿಗೆ ಸ್ಲಾಜ಼ೆಂಜರ್ ಎಂಬ ಹೆಸರು ಗೊತ್ತಿರುತ್ತದೆ. ರ‍್ಯಾಕೆಟ್ಟುಗಳನ್ನು ಮಾಡುವ ಆ ಸಂಸ್ಥೆಗೆ ಆಸ್ಟ್ರೇಲಿಯದಲ್ಲೂ ಕಾರ್ಖಾನೆಯಿತ್ತು. ಮರವನ್ನು ಬಾಗಿಸುವ, ಕೆತ್ತುವ, ನಯಗೊಳಿಸುವ ಕೈಗಳು ಅಲ್ಲಿ ಸಿದ್ಧವಾಗಿದ್ದವು. ಎರಡನೆಯ ಮಹಾಯುದ್ಧ ಬಂದಾಗ ಅವೇ ಕೈಗಳು ಲಿತ್‌ಗೋ ಬಂದೂಕುಗಳಿಗೆ ಮರದ ಭಾಗಗಳನ್ನು ಮಾಡಿಕೊಟ್ಟವು. ಮುದ್ರೆಯ ೪೩ ಎಂದರೆ ೧೯೪೩. ಬಂದೂಕಿನಲ್ಲಿ ಬಟ್ಟು ಬಿಡಿಭಾಗ. ಒಂದು ಮುರಿದರೆ ಉಗ್ರಾಣದಿಂದ ಇನ್ನೊಂದನ್ನು ತಂದು ಕೂಡಿಸುತ್ತಿದ್ದರು. ಅಂದಿನ ಸಾಮ್ರಾಜ್ಯದ ಸೇನೆಗಳಲ್ಲಿ ಎಲ್ಲಿಯ ಮರ ಎಲ್ಲಿಗೆ ಹೋಗಿ ಸೇರಿದರೂ ಸೋಜಿಗವಲ್ಲ. ಆದರೆ ೧೯೪೩ರಲ್ಲಿ ರೂಪು ತಳೆದ ಮರ ೧೯೧೮ರಲ್ಲಿ ಹೈಫಾದಲ್ಲಿರುವುದು ಮಾತ್ರ ಯಾವ ಪವಾಡದಿಂದಲೂ ಸಾಧ್ಯವಿಲ್ಲ.

ಮರುದಿನ ಹುಡುಗ ಅಧ್ಯಾಪಕರ ಕೊಠಡಿಗೆ ಬಂದ. ಅಲ್ಲಿ ಇನ್ನೂ ನಾಲ್ಕು ಮಂದಿ ಕುಳಿತಿದ್ದರು. ನನ್ನ ಶೋಧನೆಯ ಉತ್ಸಾಹದಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟೆ: “ಇದು ಹುಸಿ, ಕಣಯ್ಯಾ. ಇಂಗ್ಲಿಷ್ ಬಾರದ ಯಾವನೋ ಮಾರುವುದಕ್ಕೆಂದು ಕೆತ್ತಿದ್ದಾನೆ. ನಿಮ್ಮ ಮನೆಯವರು ಮೋಸಹೋಗಿದ್ದಾರೆ.” ಹುಡುಗ ಏನೂ ಮಾತಾಡಲಿಲ್ಲ. ಮರವನ್ನು ತೆಗೆದುಕೊಳ್ಳದೆಯೇ ಹೊರಟುಹೋದ. ಆಮೇಲೆ ಹತ್ತು ದಿನ ನನ್ನ ತರಗತಿಗೆ ಬರಲಿಲ್ಲ. ಚರಿತ್ರೆಯ ಮೇಷ್ಟ್ರಾಗಿ ನಾನು ಹೇಳಿದ್ದರಲ್ಲಿ ತಪ್ಪೇನೆಂದು ನನಗೆ ನಾನೇ ಹೇಳಿಕೊಂಡೆ. ಆದರೂ ಮೇಜಿನ ಮೇಲೆ ಆ ಮರ ಕಂಡಾಗಲೆಲ್ಲ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಗುತ್ತಿತ್ತು.

ಕೊನೆಗೆ ಒಂದು ಭಾನುವಾರ ಮರವನ್ನು ಚೀಲದಲ್ಲಿ ಹಾಕಿಕೊಂಡು ನಾನೇ ಅವರ ಮನೆಗೆ ಹೋದೆ. ಬೆಂಗಳೂರಿನ ಜೆ.ಸಿ. ನಗರದ ಕಡೆ, ಮೈಸೂರು ಲ್ಯಾನ್ಸರ್ಸ್ ಸ್ಮಾರಕಕ್ಕೆ ಬಹಳ ದೂರವಲ್ಲದ ಓಣಿ. ಹುಡುಗ ಮನೆಯಲ್ಲಿರಲಿಲ್ಲ. ಜಗಲಿಯ ಮೇಲೆ ಅವನ ಅಜ್ಜಿ ಕುಳಿತಿದ್ದರು. ಎಂಬತ್ತನ್ನು ದಾಟಿದ ಜೀವ. ಸವಾರರ ಮಗಳು ಅವರೇ. ಚೀಲದಿಂದ ಹೊರಬಂದ ಮರವನ್ನು ಎರಡು ಕೈಯಲ್ಲಿ ಈಸಿಕೊಂಡು ಮಡಿಲಲ್ಲಿ ಇಟ್ಟುಕೊಂಡರು.

“ಹುಡುಗ ಬಂದು ಹೇಳ್ದ. ಯಾರೋ ಮೋಸಗಾರ ಕೆತ್ತಿದ್ದು ಅಂದ್ರಂತೆ ನೀವು.”

ನಾನು ತಡವರಿಸಿದೆ.

“ನಮ್ಮಪ್ಪನೇ ಕೆತ್ತಿದ್ದು, ಮೇಷ್ಟ್ರೇ. ದೀಪ ಹಿಡ್ಕೊಂಡಿದ್ದೋಳು ನಾನು.”

ಆಮೇಲೆ ಅವರು ಹೇಳಿದ್ದನ್ನು ನಾನು ಆ ರಾತ್ರಿಯೇ ಬರೆದಿಟ್ಟುಕೊಂಡೆ. ದಳದಿಂದ ಬಿಡುಗಡೆಯಾಗಿ ಬಂದ ತಂದೆ ಎರಡನೆಯ ಯುದ್ಧದ ಕಾಲಕ್ಕೆ ಒಂದು ಸೇನಾ ಉಗ್ರಾಣದ ಕಾವಲುಗಾರರಾಗಿದ್ದರು. ಯುದ್ಧ ಮುಗಿದ ಮೇಲೆ ಅಲ್ಲಿ ಮುರುಕು ಮರಗಳನ್ನು ಸೌದೆಗೆಂದು ರಾಶಿ ಹಾಕಿದ್ದರು. ಅದರಿಂದ ಇದೊಂದನ್ನು ಆರಿಸಿ ಮನೆಗೆ ತಂದರು. “ಗಾಂಧಿಯೋರು ಹೋದ್ರಲ್ಲ, ಅದರ ಹಿಂದಿನ ವರ್ಷ” ಎಂದರು ಅಜ್ಜಿ, ಎಂದರೆ ೧೯೪೭. ತಂದೆಗೆ ಇಂಗ್ಲಿಷ್ ಓದುಬರಹ ಬಾರದು. ಪಕ್ಕದ ಮನೆಯ ಶಾಲೆಯ ಹುಡುಗ ಸ್ಲೇಟಿನ ಮೇಲೆ ಅಕ್ಷರಗಳನ್ನು ಬರೆದುಕೊಟ್ಟ. ಅವರು ಒಂದೊಂದು ಅಕ್ಷರವನ್ನೂ ಎಣ್ಣೆ ಸವರಿದ ಬೇರೆ ಬೇರೆ ಕಾಗದದ ಚೂರಿನ ಮೇಲೆ ತೆಗೆದುಕೊಂಡು, ಮರದ ಮೇಲಿಟ್ಟು, ಮೊನೆಯಿಂದ ಚುಚ್ಚಿ ಗುರುತು ಮಾಡಿ ಆಮೇಲೆ ಕೊರೆದರು. ಎಣ್ಣೆ ಕಾಗದ ಎರಡು ಕಡೆಯಿಂದಲೂ ಒಂದೇ ಸಮ ಕಾಣುತ್ತದೆ.

ಅದನ್ನು ಕೇಳುತ್ತಿದ್ದಂತೆ ನನ್ನ ಕಣ್ಣು ಮರದ ಮೇಲಿನ ಐದು ಅಕ್ಷರಗಳ ಮೇಲೆ ಹರಿಯಿತು. ಎಚ್, ಎ, ಐ, ಎಫ್, ಎ. ಇವುಗಳಲ್ಲಿ ನಾಲ್ಕು ಅಕ್ಷರಗಳು ಕನ್ನಡಿಯಲ್ಲಿ ನೋಡಿದರೂ ಹಾಗೆಯೇ ಇರುವಂಥವು. ಕಾಗದ ಮಗುಚಿಬಿದ್ದರೆ ಬಯಲಾಗುವುದು ‘ಎಫ್’ ಒಂದೇ. ಹಾಗಾದರೆ ೧೯೧೮ರ ಒಂಬತ್ತು? ನಾನು ಕೇಳುವ ಮುನ್ನವೇ ಅಜ್ಜಿ ಹೇಳಿದರು: “ಅಂಕಿ ಅಪ್ಪಂಗೆ ಬರ್ತಿತ್ತು. ಅದನ್ನ ಯಾರೂ ಬರ್ಕೊಡ್ಲಿಲ್ಲ.”

“ಇದು ಅವರು ಹೈಫಾದಲ್ಲಿ ಹಿಡಿದಿದ್ದ ಬಂದೂಕಿನದ್ದು ಅಂತ ಹುಡುಗ ಹೇಳಿದನಲ್ಲ, ತಾಯಿ?”

“ಅಪ್ಪ ಹಂಗೆ ಯಾವತ್ತೂ ಅನ್ಲಿಲ್ಲ. ಅವ್ರ ಕೋವಿ ಸರ್ಕಾರದ್ದು, ಸರ್ಕಾರಕ್ಕೆ ಹೋಯ್ತು. ಇದೂ ಅಂಥದ್ದೇ ಅಂತಿದ್ರು. ಅದೇ ಇದು ಅಂದೋರು ಆಮೇಲಿನೋರು.”

ನಾನು ಅವರ ಅಪ್ಪಣೆ ಪಡೆದು ಮತ್ತೊಮ್ಮೆ ಭೂತಗನ್ನಡಿ ತೆಗೆದೆ. ಮೊದಲ ಸಲ ನೋಡಿದಾಗ ಅಕ್ಷರಗಳ ಬುಡದಲ್ಲಿ ಕೆಂಪಗೆ ಏನೋ ಕಂಡದ್ದುಂಟು. ‘ಕೊಳೆ’ ಎಂದು ಟಿಪ್ಪಣಿಯಲ್ಲಿ ಬರೆದು ಮುಂದೆ ಹೋಗಿದ್ದೆ. ಅದು ಕುಂಕುಮ. ವರ್ಷಕ್ಕೊಂದು ಆಯುಧಪೂಜೆಯಂತೆ, ಎಪ್ಪತ್ತು ವರ್ಷಗಳ ಕುಂಕುಮ, ಅರಿಸಿನ, ಎಣ್ಣೆಗಳು ಗಟ್ಟಿಕಟ್ಟಿ ಪದರಪದರವಾಗಿ ಕುಳಿತಿದ್ದವು. ಮೇಲಿನದು ಕೆಂಪು, ನಡುವಿನದು ಕಂದು, ತಳದ್ದು ಮರದೊಡನೆ ಒಂದಾಗಿ ಕಪ್ಪು. ಮಾರುವುದಕ್ಕೆಂದು ಈಚೆಗೆ ಕೊರೆದ ಗೀರಿನಲ್ಲಿ ಇಂಥ ತಳ ಸಿಕ್ಕುವುದು ಹೇಗೆ? ಸಾಕ್ಷಿ ನನ್ನ ಕಣ್ಣ ಮುಂದೆಯೇ ಇತ್ತು. ತಿರುಗಿದ ‘ಎಫ್’ ಕಂಡ ಸಂಭ್ರಮದಲ್ಲಿ ಅದನ್ನು ನಾನು ಕೇಳಲೇ ಇಲ್ಲ.

ಈಗ ಚೀಟಿಯ ಪ್ರಶ್ನೆ ಮೊದಲಿಗಿಂತ ಕಷ್ಟವಾಯಿತು. ಮರ ೧೯೪೩ರದ್ದು, ಬರಹ ೧೯೪೭ರದ್ದು, ಬರಹದಲ್ಲಿರುವ ಇಸವಿ ೧೯೧೮. ಸೇನೆಯ ಗುರುತೆಂದು ನೋಡಿದರೆ ‘ಹೈಫಾ’ ಸುಳ್ಳು. ಸೇನೆ ಅದನ್ನು ಹಾಕಲಿಲ್ಲ. ಆದರೆ ಅದನ್ನು ಕೊರೆದ ಕೈ ಅಂದು ಅಲ್ಲಿ ಕುದುರೆಯ ಲಗಾಮು ಹಿಡಿದಿದ್ದ ಕೈ. ಸಂಗ್ರಾಹಕರ ಪೇಟೆಯಲ್ಲಿ ಈ ತುಂಡಿಗೆ ಬೆಲೆಯಿಲ್ಲ. ಅಸಲು, ನಕಲು ಎಂಬ ಅವರ ಎರಡು ಗೂಡುಗಳಲ್ಲಿ ಯಾವುದರಲ್ಲಿಯೂ ಇದು ಹಿಡಿಸುವುದಿಲ್ಲ. ನನ್ನ ಸಹೋದ್ಯೋಗಿಯೊಬ್ಬರು, ೧೯೪೩ರ ಮಾತೇ ಬೇಡ, ‘ಹೈಫಾ ವೀರರ ಸ್ಮರಣೆಯ ಮರ’ ಎಂದಷ್ಟೇ ಬರೆದುಬಿಡಿ, ಹಬ್ಬದ ದಿನ ಯಾರೂ ಕೇಳುವುದಿಲ್ಲ ಎಂದರು. ಅದು ನನಗೆ ಒಪ್ಪಿಗೆಯಾಗಲಿಲ್ಲ. ಹಾಗೆ ಬರೆದರೆ, ತಾನು ಹೇಳದ ಸುಳ್ಳನ್ನು ಆ ಸವಾರನ ತಲೆಗೆ ಕಟ್ಟಿದಂತಾಗುತ್ತಿತ್ತು.

ಹುಡುಗನನ್ನು ಕರೆಸಿದೆ. ಅಂದು ಯಾವ ಕೊಠಡಿಯಲ್ಲಿ ಹುಸಿ ಎಂದಿದ್ದೆನೋ ಅದೇ ಕೊಠಡಿಯಲ್ಲಿ, ಅದೇ ನಾಲ್ವರ ಮುಂದೆ, ನನ್ನ ತೀರ್ಪಿನಲ್ಲಿ ಅರ್ಧ ತಪ್ಪಿತ್ತೆಂದು ಹೇಳಿದೆ. ಯಾವ ಅರ್ಧವೆಂಬುದನ್ನೂ ಬಿಡಿಸಿ ಹೇಳಿದೆ. ಅವನು ಓರೆ ಬೆಳಕಿನಲ್ಲಿ ಮೊದಲು ‘ಸ್ಲಾಜ಼್’ ಮುದ್ರೆಯನ್ನೂ ಆಮೇಲೆ ಕುಂಕುಮದ ಪದರಗಳನ್ನೂ ಬಹಳ ಹೊತ್ತು ನೋಡಿದ. ಚೀಟಿಯನ್ನು ಇಬ್ಬರೂ ಕೂಡಿ ಬರೆದೆವು:

“ಲೀ-ಎನ್‌ಫೀಲ್ಡ್ ಬಂದೂಕಿನ ಬಟ್ಟು. ಆಸ್ಟ್ರೇಲಿಯದಲ್ಲಿ ೧೯೪೩ರಲ್ಲಿ ತಯಾರಾದದ್ದು. ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್ ಸವಾರರೊಬ್ಬರು ಇದರ ಮೇಲಿನ ಬರಹವನ್ನು ೧೯೪೭ರಲ್ಲಿ ತಮ್ಮ ಕೈಯಾರೆ ಕೊರೆದರು. ಆಗ ದೀಪ ಹಿಡಿದಿದ್ದ ಅವರ ಮಗಳ ಹೇಳಿಕೆಯಂತೆ.”

ಪ್ರದರ್ಶನದ ದಿನ ಅಜ್ಜಿ ಆಟೋದಲ್ಲಿ ಬಂದರು. ಚೀಟಿಯನ್ನು ಮೊಮ್ಮಗನಿಂದ ಎರಡು ಸಲ ಓದಿಸಿ ಕೇಳಿದರು. ಈ ಮರವನ್ನು ಮಾಡಿದವರು ಚೆಂಡಾಟದ ಬ್ಯಾಟು ಮಾಡುವವರೆಂದು ನಾನು ಹೇಳಿದಾಗ ಬೊಚ್ಚುಬಾಯಲ್ಲಿ ನಕ್ಕರು. ಮುಂದಿನ ತಿಂಗಳು ಆಯುಧಪೂಜೆಗೆ ಮುಂಚಿತವಾಗಿ ಅದು ಮನೆಗೆ ಹಿಂದಿರುಗಬೇಕೆಂಬುದು ಅವರದೊಂದೇ ಕರಾರು. ಒಪ್ಪಿಸುವಾಗ ನಾನು, ಇನ್ನು ಮುಂದೆ ಇದಕ್ಕೆ ಎಣ್ಣೆ ಹಚ್ಚಬೇಡಿ, ಕುಂಕುಮವನ್ನೂ ಇಡಬೇಡಿ, ಹಳೆಯ ಗುರುತುಗಳು ಮುಚ್ಚಿಹೋಗುತ್ತವೆ ಎಂದು ಬೇಡಿಕೊಂಡೆ. ಅಜ್ಜಿ ಅದಕ್ಕೆ ಒಪ್ಪಲಿಲ್ಲ.